ಕೋವಿಗೆ ಯಾವ ದೀಪ?

ಕೋವಿಗೆ ದೀಪ ಕಟ್ಟುವುದು ನಮ್ಮ ವಾಚಕರಿಗೆ ಹೊಸ ಸಂಗತಿಯೇನಲ್ಲ. ಅಡಿಕೆ ತೋಟದ ಮೇಲ್ಬದಿಯಲ್ಲಿ ಹಂದಿ ಕಾಯುತ್ತ ಕುಳಿತ ಹಿರಿಯರು ಮೂರು ಸೆಲ್ಲಿನ ಜೀಪ್ ಟಾರ್ಚನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ನಳಿಗೆಗೆ ಬಿಗಿದುಕೊಂಡದ್ದನ್ನು ನಾವೆಲ್ಲ ಕಂಡವರೇ. ಅದಕ್ಕೂ ಹಿಂದೆ ಕಾರ್ಬೈಡಿನ ಗ್ಯಾಸ್ ದೀಪವನ್ನು ತಲೆಗೆ ಕಟ್ಟಿಕೊಂಡು ಹೋಗುವವರಿದ್ದರು. ಈಗ ಬೆರಳುದ್ದದ ಎಲ್‌ಇಡಿ ದೀಪಗಳು ಬಂದಿವೆ. ಕೆಲವು ನೂರು ರೂಪಾಯಿಯಿಂದ ಹತ್ತಾರು ಸಾವಿರದವರೆಗೆ ಬೆಲೆ; ಡಬ್ಬಿಯ ಮೇಲೆ ಲೂಮೆನ್ನು, ಮೀಟರು, ಏನೇನೋ ಅಂಕಿಗಳು. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ನಮಗೆ ಎದುರಾದದ್ದು ಮಾತ್ರ ಕಾಸರಗೋಡಿನಲ್ಲಲ್ಲ, ಸೊಲ್ಲಾಪುರ ಜಿಲ್ಲೆಯಲ್ಲಿ.

ಸೊಲ್ಲಾಪುರವೆಂದರೆ ನಮ್ಮ ಓದುಗರಿಗೆ ಚಾದರದ ಊರು, ಸಿದ್ಧರಾಮನ ಊರು. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟದ ಹೆಸರು 1967ರ ಮಹಾಜನ ವರದಿಯಲ್ಲಿ ನಮ್ಮ ಕಾಸರಗೋಡಿನ ಜೊತೆಯಲ್ಲೇ ಇತ್ತೆಂಬುದು ಹಳಬರಿಗೆ ನೆನಪಿದ್ದೀತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಬದುಕು ಅಲ್ಲಿಯವರದು. ಒಂದು ಕ್ರಿಸ್‌ಮಸ್ ರಜೆಯಲ್ಲಿ ಅಲ್ಲಿನ ಕನ್ನಡ ಶಾಲೆಯ ಶಿಕ್ಷಕ ಮಿತ್ರರೊಬ್ಬರ ಮನೆಗೆ ನಾವು ಹೋಗಿದ್ದೆವು.

ಅಕ್ಕಲಕೋಟಕ್ಕೆ ಹೋದವರು ಸ್ವಾಮಿ ಸಮರ್ಥರ ದರ್ಶನ ಮಾಡುತ್ತಾರೆ. ಭೋಸಲೆ ಸಂಸ್ಥಾನಿಕರ ಶಸ್ತ್ರಾಗಾರವನ್ನೂ ನೋಡುತ್ತಾರೆ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಆ ಪುಟ್ಟ ಸಂಸ್ಥಾನ ಕೂಡಿಹಾಕಿದ ಆಯುಧಗಳು ದೊಡ್ಡ ರಾಜ್ಯಗಳನ್ನು ನಾಚಿಸುವಷ್ಟಿವೆ. ಕತ್ತಿ, ಭಲ್ಲೆ, ಬಂದೂಕುಗಳ ಸಾಲು ನೋಡುವಾಗ ಹಳೆಯ ಬತ್ತಿ ಬಂದೂಕಿನ ನೆನಪಾಯಿತು. ಉರಿಯುವ ಹುರಿಬತ್ತಿಯನ್ನು ಮದ್ದಿಗೆ ತಾಗಿಸಿ ಸಿಡಿಸುವ ಆ ಬಂದೂಕಿಗೆ ರಾತ್ರಿಯಲ್ಲಿ ಒಂದು ತೊಡಕಿತ್ತು. ಬತ್ತಿಯ ಕೆಂಡದ ಬೆಳಕಿನಲ್ಲಿ ಬಂದೂಕುಗಾರನಿಗೆ ಎದುರಿನದು ಏನೂ ಕಾಣುತ್ತಿರಲಿಲ್ಲ. ಎದುರಿನವನಿಗೆ ಇವನು ಎಲ್ಲಿದ್ದಾನೆಂಬುದು ಚೆನ್ನಾಗಿ ಕಾಣುತ್ತಿತ್ತು. ಬಂದೂಕದ ಮೇಲೆ ಬೆಳಕು ಇರುವುದು ಬೇರೆ, ಆ ಬೆಳಕಿನಿಂದ ಉಪಯೋಗವಾಗುವುದು ಬೇರೆ.

ನಮ್ಮ ಮಿತ್ರರ ಅಣ್ಣ ಒಕ್ಕಲುತನದವರು. ಮಾಲದಂಡಿ ಜೋಳ, ಸ್ವಲ್ಪ ಕಬ್ಬು. ತಂದೆಯ ಕಾಲದ 12 ಬೋರಿನ ಜೋಡುನಳಿಗೆ ಬಂದೂಕಕ್ಕೆ ಪರವಾನಿಗೆ ಇದೆ. ಹೊಲದ ಮಾಳಿಗೆಯ ಕೆಳಗೆ ಕುಳಿತಿದ್ದಾಗ ಅವರು ಒಂದು ದೊಡ್ಡ ಡಬ್ಬಿ ತಂದು ಮುಂದಿಟ್ಟರು.

“ಮಾಸ್ತರ್ರ, ಇದರ ಮ್ಯಾಲೆ ಎಂಟನೂರು ಮೀಟರ ಅಂತ ಬರದಾರ. ಬಂದೂಕಿಗೆ ಹಾಕಸ್ಲೋ ಬ್ಯಾಡೋ? ನೀವು ವಿಜ್ಞಾನ ಕಲಸಾವ್ರು, ಹೇಳ್ರಿ.”

ದೀಪದ ಅವಸರ ಅವರಿಗೆ ಯಾಕೆ ಬಂತೆಂಬುದನ್ನು ಹೇಳಬೇಕು. ಹಂದಿಯ ಕಾಟ ಅಲ್ಲಿಯೂ ಇದೆ. ಆದರೆ ಹೆದರಿಕೆಯ ಮೂಲ ಬೇರೆ. 2020ರ ಡಿಸೆಂಬರಿನಲ್ಲಿ ಅದೇ ಜಿಲ್ಲೆಯ ಇನ್ನೊಂದು ತುದಿಯಾದ ಕರಮಾಳಾ ತಾಲೂಕಿನಲ್ಲಿ ಒಂದು ಚಿರತೆ ಕೆಲವೇ ದಿನಗಳ ಅಂತರದಲ್ಲಿ ಮೂವರನ್ನು ಕೊಂದಿತು. ಅವರಲ್ಲಿ ಒಬ್ಬಳು ಕಬ್ಬು ಕಡಿಯಲು ಬಂದ ಕುಟುಂಬದ ಪುಟ್ಟ ಹುಡುಗಿ. ಉಜನಿ ಅಣೆಕಟ್ಟಿನ ಹಿನ್ನೀರಿನ ಸುತ್ತ ಬೆಳೆದ ಕಬ್ಬು, ಬಾಳೆ ಚಿರತೆಗೆ ಕಾಡಿಗಿಂತ ಒಳ್ಳೆಯ ಅಡಗುತಾಣ. ಕೊನೆಗೆ ಸರಕಾರದ ಅನುಮತಿಯ ಮೇಲೆ ಡಿಸೆಂಬರ್ 18ರ ಸಂಜೆ ಬಿಟರಗಾಂವ್ ಬಳಿಯ ಬಾಳೆ ತೋಟದಲ್ಲಿ ಅಕಲೂಜಿನ ಧವಲಸಿಂಹ ಮೋಹಿತೆ ಪಾಟೀಲರ ಗುಂಡಿಗೆ ಅದು ಬಿತ್ತು. ಆದರೆ ಕಬ್ಬಿನ ಗದ್ದೆಯ ಒಳಗಿನ ಕತ್ತಲೆಯನ್ನು ಜನ ನೋಡುವ ರೀತಿ ಅಂದಿನಿಂದ ಬದಲಾಯಿತು.

ಮತ್ತೊಂದು ಸಂಗತಿಯೂ ಇದೆ, ಮತ್ತು ನಮಗೆ ಅದೇ ಮುಖ್ಯವೆನಿಸಿತು. ಸೊಲ್ಲಾಪುರದ ಹೊಲಗಳಲ್ಲಿ ರಾತ್ರಿ ಜನರೇ ಇರುವುದಿಲ್ಲವೆಂದು ತಿಳಿಯಬೇಡಿ. ಪಂಪಿನ ವಿದ್ಯುತ್ತು ಪಾಳಿಯ ಮೇಲೆ ಬರುವುದರಿಂದ ರಾತ್ರಿ ಎರಡು ಗಂಟೆಗೆ ನೀರು ತಿರುಗಿಸಲು ರೈತ ಬಗ್ಗಿಕೊಂಡು ಮಡಿಯಲ್ಲಿ ನಡೆಯುತ್ತಿರುತ್ತಾನೆ. ಕಬ್ಬಿನ ಸುಗ್ಗಿಯಲ್ಲಿ ಬೆಳಗಿನ ಜಾವಕ್ಕೇ ಗಾಡಿ ಹೂಡಿಕೊಂಡು ಹೆಂಗಸರು ಮಕ್ಕಳು ಸಹಿತ ಕಡಿಯುವವರ ಗುಂಪು ಹೊರಡುತ್ತದೆ. ಕುರಿಗಾರರು ಹೊಲದಲ್ಲೇ ಮಂದೆ ಹಾಕಿ ಕಂಬಳಿ ಹೊದ್ದು ಮಲಗುತ್ತಾರೆ. ಇವರೆಲ್ಲರ ನಡುವೆ ಹಂದಿಯೂ ಬರುತ್ತದೆ. ಹಂದಿಯೆಂದು ಮನುಷ್ಯನ ಮೇಲೆ ಈಡು ಹಾರಿಸಿದ ಸುದ್ದಿಗಳನ್ನು ಕೊಡಗು, ಮಲೆನಾಡು, ವಯನಾಡುಗಳಿಂದ ನಾವು ಎಷ್ಟು ಸಲ ಓದಿಲ್ಲ!

ಹಾಗಾದರೆ ಕೋವಿಯ ದೀಪದ ಕೆಲಸ ಹಂದಿಯನ್ನು ಹೊಡೆಯುವುದಕ್ಕಿಂತ ಮೊದಲು, ಎದುರಿಗಿರುವುದು ಹಂದಿಯೇ ಎಂದು ತಿಳಿಸುವುದು. ಈ ಒಂದು ಮಾತನ್ನು ಹಿಡಿದುಕೊಂಡು ಹೊರಟರೆ ದೀಪದ ಆಯ್ಕೆ ಬಹಳ ಸುಲಭವಾಗುತ್ತದೆ.

ಕಣ್ಣು ಹೊಳೆಯುವವು, ಹೊಳೆಯದವು

ರಾತ್ರಿ ಟಾರ್ಚು ಹಾಕಿದಾಗ ಪ್ರಾಣಿಗಳ ಕಣ್ಣು ಕೆಂಡದಂತೆ ಹೊಳೆಯುವುದು ಎಲ್ಲರಿಗೂ ಗೊತ್ತು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರವಿದ್ದು ಒಳಗೆ ಬಂದ ಬೆಳಕನ್ನು ಅದು ಹಿಂದಕ್ಕೆ ಕಳಿಸುತ್ತದೆ. ಚಿರತೆ, ತೋಳ, ನಾಯಿ, ಬೆಕ್ಕು, ದನ, ಕುರಿ, ಆಡು, ಚಿಗರಿ ಇವಕ್ಕೆಲ್ಲ ಆ ಪದರವಿದೆ. ಹಂದಿಗೆ ಇಲ್ಲ. ಮನುಷ್ಯನಿಗೂ ಇಲ್ಲ.

ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿ. ಪ್ರಕಾಶಮಾನವಾಗಿ ಹೊಳೆಯುವ ಜೋಡಿ ಕಣ್ಣು ಕಂಡರೆ ಅದು ಹಂದಿಯಲ್ಲ. ಒಂದೋ ಯಾರದೋ ಕೊಟ್ಟಿಗೆಯ ಸೊತ್ತು, ಇಲ್ಲವೇ ಮುಟ್ಟಿದರೆ ಜೈಲಿಗೆ ಹೋಗಬೇಕಾದ ಮೃಗ. ಸೊಲ್ಲಾಪುರದ ನಾನ್ನಜದ ಬಯಲಿನಲ್ಲಿ ಎರ್ಲಡ್ಡು ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಿದ್ದರ ಫಲವಾಗಿ ಚಿಗರಿಯ ಹಿಂಡುಗಳೂ ಉಳಿದುಕೊಂಡಿವೆ, ತೋಳವೂ ಇದೆ. ಅವು ಬೇಲಿ ನೋಡಿ ನಡೆಯುವವಲ್ಲ. ಇನ್ನು ಕಣ್ಣು ಹೊಳೆಯದ, ಕಪ್ಪಾದ, ನೆಲಕ್ಕೆ ಬಗ್ಗಿದ ಆಕಾರ ಕಂಡಿತೆನ್ನಿ. ಹಂದಿಯಿರಬಹುದು. ನೀರು ತಿರುಗಿಸುತ್ತಿರುವ ನೆರೆಮನೆಯವನೂ ಇರಬಹುದು. ಕಣ್ಣಿನ ಹೊಳಪನ್ನು ನಂಬಿ ಈಡು ಹಾರಿಸುವ ಹಳೆಯ ಶಿಕಾರಿ ಪದ್ಧತಿ ಬೆಳೆ ಕಾಯುವವನಿಗೆ ಒಂದಿಷ್ಟೂ ಉಪಯೋಗವಿಲ್ಲ. ಅವನು ಮೈಯನ್ನೇ ನೋಡಬೇಕು: ಮೂತಿ, ಕಾಲು, ಬಾಲ. ಅಷ್ಟು ತೋರಿಸುವ ಬೆಳಕು ಬೇಕು.

ಎಂಟುನೂರು ಮೀಟರಿನ ಲೆಕ್ಕ

ಡಬ್ಬಿಯ ಮೇಲೆ ಬರೆದ ಮೀಟರು ಸುಳ್ಳಲ್ಲ. ಆದರೆ ಅದರ ವ್ಯಾಖ್ಯೆ ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಬೆಳಕು ಕಾಲು ಲಕ್ಸಿಗೆ ಇಳಿಯುವಷ್ಟು ದೂರವನ್ನು ದೀಪದ ‘ಎಟಕು’ ಎಂದು ಅವರು ಲೆಕ್ಕ ಹಾಕುತ್ತಾರೆ. ಕಾಲು ಲಕ್ಸೆಂದರೆ ಹುಣ್ಣಿಮೆಯ ಬೆಳದಿಂಗಳಿನಷ್ಟು. ಬೆಳದಿಂಗಳಿನಲ್ಲಿ ನೂರು ಮೀಟರು ಆಚೆಗಿರುವುದು ಹಂದಿಯೋ ಕಂಬಳಿ ಹೊದ್ದ ಕುರಿಗಾರನೋ ಎಂದು ಯಾರು ಹೇಳಬಲ್ಲರು?

ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂದು ಪ್ರೌಢಶಾಲೆಯಲ್ಲಿ ನಾವು ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ಪರೀಕ್ಷೆಗೆ ಬರೆದು ಮರೆಯುತ್ತಾರೆ. ಇಲ್ಲಿ ಅದೇ ಕೆಲಸಕ್ಕೆ ಬಂತು. 10,000 ಕ್ಯಾಂಡೆಲಾ ಶಕ್ತಿಯ ದೀಪದ ಎಟಕು 200 ಮೀಟರು. ಅದೇ ದೀಪ 40 ಮೀಟರಿನಲ್ಲಿ ಆರು ಲಕ್ಸಿಗೆ ಸ್ವಲ್ಪ ಹೆಚ್ಚು ಬೆಳಕು ಕೊಡುತ್ತದೆ. ಅಂದರೆ ಸಾಧಾರಣ ಬೀದಿದೀಪದ ಕೆಳಗಿನಷ್ಟು. ಬೀದಿದೀಪದ ಕೆಳಗೆ ಮನುಷ್ಯನ ಗುರುತು ಸಿಗುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಮೀಟರನ್ನು ಐದರಿಂದ ಭಾಗಿಸಿ. ಬಂದ ಅಂಕಿಯವರೆಗೆ ಮಾತ್ರ ಆ ದೀಪ ಗುರುತು ಹಿಡಿಸುತ್ತದೆ ಎಂದಿಟ್ಟುಕೊಳ್ಳಿ.

12 ಬೋರಿನ ಕೋವಿಯಲ್ಲಿ ದಪ್ಪ ಚರೆಯ ತೋಟೆ ನೆಚ್ಚಬಹುದಾದ ದೂರವೇ 35-40 ಮೀಟರು. ಅದರಾಚೆಗೆ ಚರೆ ಚದರಿ ಪ್ರಾಣಿಯನ್ನು ಗಾಯ ಮಾಡುತ್ತದೆ, ಕೊಲ್ಲುವುದಿಲ್ಲ. ಗಾಯಗೊಂಡ ಹಂದಿಯ ವಿಚಾರ ತೋಟದವರಿಗೆ ನಾವು ಹೇಳಬೇಕಾಗಿಲ್ಲ. ಕೋವಿ ಮುಟ್ಟದ ದೂರಕ್ಕೆ ದೀಪ ಮುಟ್ಟಿ ಏನು ಫಲ? 200 ಮೀಟರು ಎಟಕಿನ, ಅಗಲವಾಗಿ ಹರಡುವ ದೀಪ ಧಾರಾಳ ಸಾಕು. ಎಂಟುನೂರು ಮೀಟರಿನದು ಬೆಳಕನ್ನೆಲ್ಲ ಒಂದು ಸೂಜಿಮೊನೆಗೆ ತಂದು ಸುತ್ತಲನ್ನು ಕತ್ತಲೆ ಮಾಡುತ್ತದೆ: ಹಂದಿ ಕಾಣುತ್ತದೆ, ಅದರ ಮಗ್ಗುಲಿನ ಗುಡಿಸಲು ಕಾಣುವುದಿಲ್ಲ. ಕಬ್ಬು, ಜೋಳಗಳ ನಡುವೆ ಇನ್ನೊಂದು ತೊಂದರೆ. ಮೂರು ಮಾರು ದೂರದ ಗರಿಗೆ ಬಿದ್ದ ಅತಿ ಬೆಳಕು ಹಿಂದಕ್ಕೆ ಕಣ್ಣಿಗೇ ರಾಚುತ್ತದೆ; ಗರಿ ಬೆಳ್ಳಗೆ, ಅದರ ಹಿಂದೆ ಇರುವುದೆಲ್ಲ ಮಸಿ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಹೀಗೆ ಒಮ್ಮೆ ರಾಚಿದರೆ ಆ ಒಗ್ಗಿದ್ದೆಲ್ಲ ಹೋಯಿತು. ಕೇಪಿನ ಕೋವಿಯವರಿಗೆ ಇನ್ನೂ ಕಷ್ಟ. ಕರಿಮದ್ದಿನ ಹೊಗೆಯ ಮೇಲೆ ಬೆಳಕು ಬಿದ್ದರೆ ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟು ಹಾಕಿದಂತೆ ಬಿಳಿ ಗೋಡೆಯೇ ಎದುರಿಗೆ ನಿಲ್ಲುತ್ತದೆ. ಈಡಿನ ನಂತರ ಏನಾಯಿತೆಂಬುದು ಹೊಗೆ ಆರುವವರೆಗೆ ಗೊತ್ತಾಗದು.

ಬೆಳಕಿನ ಬಣ್ಣವನ್ನೂ ಕೇಳುತ್ತಾರೆ. ಹಂದಿಗೆ ಕೆಂಪು ಸರಿಯಾಗಿ ಕಾಣದೆಂದು ಕೆಂಪು ಗಾಜಿನ ದೀಪ ಮಾರುತ್ತಾರೆ, ಮಾತು ಸುಳ್ಳಲ್ಲ. ಆದರೆ ಕೆಂಪು ಬೆಳಕಿನಲ್ಲಿ ನಮಗೂ ಬಣ್ಣ ತಿಳಿಯುವುದಿಲ್ಲ. ಕೆಂಪು ಸೀರೆಯೂ ಬಿಳಿ ಸೀರೆಯೂ ಒಂದೇ ಆಗುತ್ತವೆ, ಹಸಿರು ಸೀರೆ ಕಪ್ಪಾಗುತ್ತದೆ. ಜನ ಓಡಾಡುವ ಜಾಗದಲ್ಲಿ ಬಿಳಿಯೇ ಒಳ್ಳೆಯದು, ಅದರಲ್ಲೂ ನೀಲಿ ಛಾಯೆಯಿಲ್ಲದ, ಸ್ವಲ್ಪ ಹಳದಿಗೆ ತಿರುಗಿದ ಬಿಳಿ. ಸೊಲ್ಲಾಪುರದ ಧೂಳಿಗೂ ನಮ್ಮ ಮಳೆಗೂ ಅದೇ ಹೊಂದುತ್ತದೆ.

ಹುಡುಕುವ ದೀಪ ಬೇರೆ, ಹೊಡೆಯುವ ದೀಪ ಬೇರೆ

ನಾವು ಆ ರೈತರಿಗೆ ಒತ್ತಿ ಹೇಳಿದ್ದು ಇದನ್ನೇ. ನಳಿಗೆಗೆ ಕಟ್ಟಿದ ದೀಪ ಎಲ್ಲಿ ನೋಡುತ್ತದೋ ನಳಿಗೆಯೂ ಅಲ್ಲೇ ನೋಡುತ್ತದೆ. “ಯಾರದು?” ಎಂದು ಕೋವಿಯ ದೀಪ ಹಾಕಿದವನು ತುಂಬಿದ ಕೋವಿಯನ್ನೇ ಆ “ಯಾರ” ಎದೆಗೆ ಹಿಡಿದಂತಾಯಿತು. ದಾರಿ ನೋಡಲಿಕ್ಕೂ, ಸಪ್ಪಳ ಎಲ್ಲಿಂದ ಬಂತೆಂದು ಹುಡುಕಲಿಕ್ಕೂ ಕೈಯಲ್ಲೋ ತಲೆಯಲ್ಲೋ ಬೇರೊಂದು ದೀಪ ಇರಲೇಬೇಕು. ಅದು ಅಗ್ಗದ್ದಾದರೂ ನಡೆದೀತು. ಹಂದಿಯೆಂದು ಅದರಲ್ಲೇ ಖಚಿತವಾದ ಮೇಲೆ ಕೋವಿ ಎತ್ತುವುದು, ಆಮೇಲೆ ಕೋವಿಯ ದೀಪ. ಒಂದೇ ದೀಪಕ್ಕೆ ದುಡ್ಡಿದೆಯೆನ್ನುವವರಿಗೆ ನಮ್ಮ ಸಲಹೆ ಕೈದೀಪವನ್ನೇ ಕೊಳ್ಳಿರೆಂಬುದು.

ಸ್ವಿಚ್ಚಿನ ವಿಚಾರ ಇದಕ್ಕೇ ಅಂಟಿಕೊಂಡದ್ದು. ಅಮೆರಿಕದಲ್ಲಿ ಪಿಸ್ತೂಲಿನ ದೀಪ ಹಾಕಲು ಹೋಗಿ ಪೊಲೀಸರು ಟ್ರಿಗರನ್ನೇ ಒತ್ತಿದ ಪ್ರಕರಣಗಳಾಗಿವೆ. ಗಾಬರಿಯಲ್ಲಿ ಒಂದು ಬೆರಳು ಬಿಗಿದರೆ ಇನ್ನೊಂದೂ ಬಿಗಿಯುತ್ತದೆ. ಅಲ್ಲಿನ ಪೊಲೀಸರ ಶಾಟ್‌ಗನ್ನುಗಳಲ್ಲಿ ದೀಪವನ್ನು ಎಡಗೈಯ ಮುಂಗಡೆ ಹಿಡಿಯಲ್ಲೇ ಕೂರಿಸುವ ಏರ್ಪಾಡು 1980ರ ದಶಕದಿಂದ ಬಂದಿದೆ. ಜೋಡುನಳಿಗೆಗೆ ಅಂಥ ಹಿಡಿ ಸಿಗದಿದ್ದರೂ ನೀತಿ ಅದೇ: ಸ್ವಿಚ್ಚು ಎಡಗೈ ಹೆಬ್ಬೆರಳಿಗೆ ಸಿಗಬೇಕು, ಬಲಗೈಗೆ ಕೆಲಸವಿರಬಾರದು. ಒತ್ತಿ ಹಿಡಿದಾಗ ಹತ್ತಿ, ಬಿಟ್ಟಾಗ ಆರುವಂಥದು ಉತ್ತಮ. ಒತ್ತಿದ ಹಾಗೆಲ್ಲ ಮಂದ, ಜೋರು, ಮಿನುಗು ಎಂದು ಐದು ಆಟ ಆಡುವ ದೀಪಗಳಿವೆ. ಅವನ್ನು ಜಾತ್ರೆಗೆ ಕೊಂಡುಹೋಗಬಹುದು.

ಕಟ್ಟುವ ಬಗೆ

ಹೊರದೇಶದ ಹೊಸ ಕೋವಿಗಳಲ್ಲಿ ದೀಪ ಕೂರಿಸಲು ಹಲ್ಲುಹಲ್ಲಿನ ಪಟ್ಟಿ ಇರುತ್ತದೆ. 1995ರಲ್ಲಿ ಅಮೆರಿಕದ ಸೇನೆ ಅಳತೆ ನಿಗದಿ ಮಾಡಿದ ಆ ಪಿಕಾಟಿನ್ನಿ ಪಟ್ಟಿಗೆಂದೇ ಬಹಳಷ್ಟು ದೀಪಗಳು ತಯಾರಾಗುತ್ತವೆ. ತಂದೆಯ ಕಾಲದ ಜೋಡುನಳಿಗೆಯಲ್ಲಿ ಅದೆಲ್ಲಿ? ಇಲ್ಲಿ ನಳಿಗೆಯನ್ನು ತಬ್ಬುವ ಎರಡು ತುಂಡಿನ ಕ್ಲಾಂಪು ಬೇಕಾಗುತ್ತದೆ. ಮುಂತುದಿಯ ಕಡೆ ನಳಿಗೆಯ ಕಬ್ಬಿಣ ತೆಳುವಾಗಿರುವುದರಿಂದ ಬರಿಯ ಲೋಹದ ಕ್ಲಾಂಪನ್ನು ಬಲವಾಗಿ ತಿರುಪಬಾರದು, ತಗ್ಗು ಬಿದ್ದೀತು. ನಡುವೆ ರಬ್ಬರೋ ತೊಗಲೋ ಇರಲಿ. ಬೆಸುಗೆ ಹಾಕಿಸುವುದು, ತೂತು ಕೊರೆಸುವುದು ಎಂದೆಂದಿಗೂ ಬೇಡ. ಊರಿನ ಕಮ್ಮಾರ ಎಷ್ಟೇ ಜಾಣನಾಗಿರಲಿ, ನಳಿಗೆ ಸಿಡಿದರೆ ಹೋಗುವುದು ಹಿಡಿದವನ ಕೈ. ತೂಕವೂ ಕಡಿಮೆಯಿರಬೇಕು. ಮುಂದೆ ಅರ್ಧ ಕಿಲೋ ತೂಗಿದರೆ ಮೂತಿ ತಗ್ಗುತ್ತದೆ, ಈಡು ನೆಲಕ್ಕೆ ಹೋಗುತ್ತದೆ.

ಕೋವಿಯ ಒದೆತ ದೀಪದ ದೊಡ್ಡ ಶತ್ರು. ಹಳೆಯ ಬಲ್ಬಿನ ತಂತಿ ಎರಡು ಈಡಿಗೆ ಕಡಿದುಹೋಗುತ್ತಿತ್ತು. ಎಲ್‌ಇಡಿಗೆ ಆ ತೊಂದರೆಯಿಲ್ಲ. ಆದರೆ ಮೂರು ಸಣ್ಣ ಸೆಲ್ಲನ್ನು ಪ್ಲಾಸ್ಟಿಕ್ ಗೂಡಿನಲ್ಲಿಟ್ಟು ಕೂರಿಸುವ ಅಗ್ಗದ ದೀಪಗಳಲ್ಲಿ ಒದೆತಕ್ಕೆ ಸೆಲ್ಲು ಹಿಂದೆಮುಂದೆ ಸರಿದು ಬೆಳಕು ಆರುತ್ತದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಒಂದೇ ದೊಡ್ಡ ಸೆಲ್ಲು, ಅದರ ಎರಡು ತುದಿಗೂ ಸ್ಪ್ರಿಂಗು ಇರುವ ದೀಪ ಬಾಳಿಕೆ ಬರುತ್ತದೆ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದ ಜಿಮ್ ಕಾರ್ಬೆಟ್ ಕೋವಿಗೆ ಟಾರ್ಚು ಕಟ್ಟಿಕೊಂಡೇ ಮರದ ಮೇಲಿದ್ದ. ಈಡು ಹಾರಿದ ಸ್ವಲ್ಪ ಹೊತ್ತಿಗೆ ಟಾರ್ಚು ಆರಿಹೋಗಿ, ಗುಂಡು ತಾಗಿತೋ ಇಲ್ಲವೋ ತಿಳಿಯದೆ ಉಳಿದ ರಾತ್ರಿಯನ್ನು ಮರದ ಮೇಲೇ ಕಳೆದ. ತೇಜಸ್ವಿಯವರ ಕನ್ನಡದಲ್ಲಿ ಆ ಕತೆಯನ್ನು ಓದದವರು ಕಡಿಮೆ. ನಮ್ಮ ರೈತ ಹತ್ತುವ ಮರ ಕಾರ್ಬೆಟ್ಟನದಷ್ಟು ಎತ್ತರದ್ದಲ್ಲ; ಇನ್ನೊಂದು ಸೆಲ್ಲು ಜೇಬಿನಲ್ಲಿರಲಿ.

ಕಟ್ಟಿದ ಮೇಲೆ, ತೋಟೆ ಇಲ್ಲವೆಂದು ಎರಡು ಸಲ ನೋಡಿಕೊಂಡು, ಕತ್ತಲಾದ ಮೇಲೆ ಇಪ್ಪತ್ತು ಹೆಜ್ಜೆ ದೂರದ ಬರಿಗೋಡೆಗೆ ಕೋವಿ ಹಿಡಿದು ನೋಡಿ. ಬೆಳಕಿನ ನಡುವಣ ಬಿಂದು ಗುರಿಯ ಮಣಿಗೆ ನೇರ ಬರಬೇಕು. ಕ್ಲಾಂಪಿಗೂ ನಳಿಗೆಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಿರಿ. ನಾಲ್ಕೈದು ಈಡಿನ ನಂತರ ಗೆರೆ ಎರಡಾದರೆ ಕ್ಲಾಂಪು ಸರಿದಿದೆಯೆಂದು ಗೊತ್ತಾಗುತ್ತದೆ.

ಕಾನೂನಿನ ಒಂದು ಮಾತು. ಟಾರ್ಚಿಗೆ ಪರವಾನಿಗೆ ಬೇಡ. ಅದನ್ನು ಕಟ್ಟಿದ ಕೋವಿಗೆ ಬೇಕು, ಹೊಡೆಯುವ ಪ್ರಾಣಿಗೂ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಲೈಸೆನ್ಸಿದ್ದ ಶಿಕಾರಿಯೂ ಕೃತಕ ಬೆಳಕು ಬಳಸುವಂತಿರಲಿಲ್ಲ. ತಾನು ಕೊಂದದ್ದನ್ನು ತಿನ್ನಲು ಮರಳುವ ಮಾಂಸಾಹಾರಿ ಮೃಗಕ್ಕೆ ಮಾತ್ರ, ಅದೂ ವಿಶೇಷ ಅನುಮತಿಯಿದ್ದರೆ, ವಿನಾಯಿತಿ. 1991ರಲ್ಲಿ ಶಿಕಾರಿಯ ಲೈಸೆನ್ಸೇ ಹೋಯಿತು. ಕೇರಳದಲ್ಲಿ 2022ರ ಮೇ ತಿಂಗಳಲ್ಲಿ ಸರಕಾರ ಬೆಳೆ ಹಾಳುಮಾಡುವ ಹಂದಿಯ ಬಗ್ಗೆ ಆದೇಶ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ವಹಿಸಿತು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡದೆಂದೂ ಹೇಳಿತು. ಆ ಆದೇಶ ಕೈಯಲ್ಲಿಲ್ಲದೆ ದೀಪ ಕಟ್ಟಿದ ಕೋವಿ ಹಿಡಿದು ರಾತ್ರಿ ಗುಡ್ಡದಲ್ಲಿ ಸಿಕ್ಕಿಬಿದ್ದವನು ತಾನು ದಾರಿ ನೋಡುತ್ತಿದ್ದೆನೆಂದರೆ ಯಾವ ಅಧಿಕಾರಿಯೂ ನಂಬಲಾರ. ಚುನಾವಣೆ ಬಂತೆಂದರೆ ಕೋವಿ ಠಾಣೆ ಸೇರುವುದಂತೂ ಇದ್ದೇ ಇದೆ. ಆಗ ದೀಪವನ್ನು ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ, ಠಾಣೆಯಿಂದ ಕೋವಿಯೊಂದೇ ಮರಳಿ ಬಂದೀತು.

ಸೊಲ್ಲಾಪುರದ ಆ ರೈತರು ಎಂಟುನೂರು ಮೀಟರಿನ ದೀಪವನ್ನು ಅಂಗಡಿಗೆ ಮರಳಿಸಿ, ಅದೇ ದುಡ್ಡಿಗೆ ಒಂದು ತಲೆದೀಪ, ಒಂದು ಸಣ್ಣ ದೀಪ, ಒಂದು ಕ್ಲಾಂಪು ತಂದರು. ಅವರದು ಒಣ ಸೀಮೆ; ಕ್ಲಾಂಪನ್ನು ವರ್ಷಗಟ್ಟಲೆ ಬಿಚ್ಚದಿದ್ದರೂ ನಡೆಯುತ್ತದೆ. ನಮ್ಮಲ್ಲಿ ಹಾಗಾಗದು. ಜೂನ್ ತಿಂಗಳ ಮಳೆ ಹಿಡಿದ ಮೇಲೆ ರಬ್ಬರಿನ ಅಡಿಯಲ್ಲಿ ನೀರು ನಿಂತು ನಳಿಗೆಗೆ ತುಕ್ಕು ಹಿಡಿಯುತ್ತದೆ, ಗಾಜಿನೊಳಗೆ ಬೂಷ್ಟು ಬರುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಎಣ್ಣೆ ಸವರಬೇಕು, ಸೆಲ್ಲನ್ನು ಹೊರತೆಗೆದು ಅಡಿಗೆಮನೆಯ ಒಲೆಯಿಂದ ದೂರದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.